ದೃಷ್ಟಿ ತೆಗೆಯಲು ಬಂದವನು ಬೆಳ್ಳಿ ತೆಗೆದುಕೊಂಡು ಹೋದ

ಮುಚ್ಚಿದ ಕೋಣೆಯಲ್ಲಿ ಒಣಮೆಣಸಿನಕಾಯಿ ಸುಟ್ಟರೆ ಒಂಬತ್ತು ತಿಂಗಳ ಮಗುವಿನ ಉಸಿರು ಏನಾಗುತ್ತದೆ ಎಂಬುದು ನನಗೆ ಗೊತ್ತಿದೆ. ಸುಟ್ಟವಳು ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ನನಗೆ ಆ ಮನುಷ್ಯನ ನಂಬರು ಕೊಟ್ಟ ನೆರೆಮನೆಯವರು ಇನ್ನೂ ಇಬ್ಬರಿಗೆ ಅದನ್ನು ಕೊಟ್ಟಿದ್ದಾರೆಂದು ಮೊನ್ನೆ ತಿಳಿಯಿತು. ಆ ಎರಡೂ ಮನೆಗಳಲ್ಲಿ ಎಳೆಯ ಮಕ್ಕಳಿದ್ದಾರೆ.

ದೃಷ್ಟಿ ತೆಗೆಯುವುದನ್ನೇ ಹಳಿಯಲು ಹೊರಟವಳಲ್ಲ ನಾನು. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜಿ ವಾರಕ್ಕೊಮ್ಮೆಯಾದರೂ ಯಾರಿಗಾದರೂ ದೃಷ್ಟಿ ತೆಗೆಯುತ್ತಿದ್ದಳು. ಮುಷ್ಟಿಯಲ್ಲಿ ಕಲ್ಲುಪ್ಪು, ಚಿಟಿಕೆ ಸಾಸಿವೆ, ಐದೋ ಏಳೋ ಒಣಮೆಣಸಿನಕಾಯಿ, ಪೊರಕೆಯಿಂದ ಕಿತ್ತ ಎರಡು ಕಡ್ಡಿ. ಮಗುವನ್ನು ಕೂರಿಸಿ ಮೂರು ಸುತ್ತು ನಿವಾಳಿಸುತ್ತ, "ಹೆತ್ತವಳ ಕಣ್ಣು, ಹೊತ್ತವಳ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು" ಎಂದು ಒಂದೇ ಉಸಿರಿನಲ್ಲಿ ಒದರಿ, ಎಲ್ಲವನ್ನೂ ಬಚ್ಚಲೊಲೆಗೆ ಎಸೆಯುತ್ತಿದ್ದಳು. ಉಪ್ಪು, ಸಾಸಿವೆ ಚಟಪಟ ಸಿಡಿಯುತ್ತಿದ್ದವು. ಹರಳಿನೊಳಗೆ, ಕಾಳಿನೊಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ ಒಡೆದುಕೊಂಡು ಬರುವ ಸದ್ದು ಅದು. ನಮಗೆ ಮಾತ್ರ ಕೆಟ್ಟ ಕಣ್ಣುಗಳೆಲ್ಲ ಸಿಡಿದು ಹೋದಂತೆ ಕೇಳಿಸುತ್ತಿತ್ತು. ಬಚ್ಚಲು ಮನೆಯಿಂದ ಹೊರಗಿತ್ತು, ಘಾಟು ಹೆಂಚಿನ ಸಂದಿಯಿಂದ ತೋಟದ ಕಡೆಗೆ ಹೋಗುತ್ತಿತ್ತು. ಮೂರು ನಿಮಿಷದ ಕೆಲಸ, ಖರ್ಚು ಏಳು ಮೆಣಸಿನಕಾಯಿ. ಜ್ವರವಿದ್ದರೆ ಅಜ್ಜಿಯೇ ಮುಂದೆ ನಿಂತು, "ದೃಷ್ಟಿ ತೆಗೆದಾಯಿತು, ಈಗ ಡಾಕ್ಟರ ಹತ್ತಿರ ಹೊರಡಿ" ಎನ್ನುತ್ತಿದ್ದಳು.

ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಬಚ್ಚಲೊಲೆ ಎಲ್ಲಿಂದ ಬರಬೇಕು? ಮಗಳು ರಾತ್ರಿ ಹನ್ನೊಂದಕ್ಕೆ ಅಳಲು ಶುರುಮಾಡಿದರೆ ಮೂರರವರೆಗೆ ನಿಲ್ಲಿಸುತ್ತಿರಲಿಲ್ಲ. ಎತ್ತಿಕೊಂಡರೆ ತುಸು ಸಮಾಧಾನ, ಮಲಗಿಸಿದ ಕೂಡಲೇ ಮತ್ತೆ ಚೀರಾಟ. ಅದೇ ಒಂದು ಸುಳಿವಾಗಿತ್ತು, ನಮಗೆ ಹೊಳೆಯಲಿಲ್ಲ. ಹಲ್ಲು ಬರುತ್ತಿರಬೇಕು ಎಂದುಕೊಂಡು ಐದು ದಿನ ಕಳೆದೆವು. ಆರನೆಯ ದಿನ ಅತ್ತೆಯವರು, "ಇದು ದೃಷ್ಟಿಯೇ, ಬೇರೇನಲ್ಲ" ಎಂದರು. ನೆರೆಮನೆಯವರು ಒಂದು ನಂಬರು ಕೊಟ್ಟರು.

ಬಂದಾತ ನೋಡಲು ಯಾವುದೋ ಕಚೇರಿಯ ಗುಮಾಸ್ತನಂತಿದ್ದ. ಬಿಳಿ ಅಂಗಿ, ಹೆಗಲಿಗೊಂದು ಚೀಲ, ಮೃದುವಾದ ಮಾತು. ಜಟೆ, ರುದ್ರಾಕ್ಷಿ ಎಂದೆಲ್ಲ ಇದ್ದಿದ್ದರೆ ನಾನೇ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತಿದ್ದೆನೋ ಏನೋ. ಭೇಟಿಯ ದಕ್ಷಿಣೆ 1,100 ರೂಪಾಯಿ. ನಾನು ಅಡುಗೆಮನೆಯಿಂದ ಮೆಣಸಿನಕಾಯಿ ತರಲು ಹೊರಟಾಗ, "ಬೇಡಮ್ಮ, ಅಭಿಮಂತ್ರಿಸಿದ್ದು ನಾನೇ ತಂದಿದ್ದೇನೆ" ಎಂದ. ಚೀಲದಿಂದ ಒಂಬತ್ತು ಮೆಣಸಿನಕಾಯಿ ತೆಗೆದು, ನಿವಾಳಿಸಿ, ಕರ್ಪೂರ ಮತ್ತು ತುಪ್ಪದ ದೊಡ್ಡ ಉರಿಗೆ ಹಾಕಿದ. ಅವು ಸುಟ್ಟು ಕರಕಲಾದವು. ಯಾರೂ ಕೆಮ್ಮಲಿಲ್ಲ, ಒಂದು ಸೀನೂ ಬರಲಿಲ್ಲ.

ಘಾಟು ಬರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಅತ್ತೆಯವರ ಮುಖ ಬಿಳಿಚಿಕೊಂಡಿತು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ದೃಷ್ಟಿಯಲ್ಲ, ಮಾಟ" ಎಂದ.

ಆ ಒಂಬತ್ತು ಮೆಣಸಿನಕಾಯಿಗಳನ್ನು ನಾನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೋ ಲೆಕ್ಕವಿಲ್ಲ. ಕಡುಗೆಂಪು, ಉದ್ದ, ಮೈಯೆಲ್ಲ ಸುಕ್ಕು. ಬ್ಯಾಡಗಿ! ಬಣ್ಣಕ್ಕೆ ಹೆಸರಾದ, ಖಾರ ಕಡಿಮೆ ಇರುವ ಹಾವೇರಿ ಸೀಮೆಯ ಮೆಣಸಿನಕಾಯಿ. ಅಲ್ಲಾಡಿಸಿದಾಗ ಗಲಗಲ ಎನ್ನದಿದ್ದುದರಿಂದ ಬೀಜವನ್ನೂ ಉದುರಿಸಿಯೇ ತಂದಿದ್ದನೆಂದು ಕಾಣುತ್ತದೆ. ಘಾಟೇಳಬೇಕಾದರೆ ಮೆಣಸಿನಕಾಯಿ ಕೆಂಡದ ಮೇಲೆ ಕಮರಬೇಕು. ಭಗ್ಗನೆ ಉರಿಯುವ ಬೆಂಕಿಗೆ ಬಿದ್ದರೆ ಖಾರದ ಅಂಶವೂ ಜೊತೆಗೇ ಸುಟ್ಟುಹೋಗುತ್ತದೆ. ಒಗ್ಗರಣೆ ಹಾಕುವ ಯಾವ ಹೆಂಗಸಿಗೂ ಅರ್ಥವಾಗಬೇಕಾದ ಸಂಗತಿ ಇದು. ಹತ್ತು ವರ್ಷದಿಂದ ಒಗ್ಗರಣೆ ಹಾಕುತ್ತಿರುವ ನನಗೆ ಆ ಹೊತ್ತಿನಲ್ಲಿ ಅರ್ಥವಾಗಲಿಲ್ಲ. ಐದು ರಾತ್ರಿ ನಿದ್ದೆಗೆಟ್ಟವಳ ಬುದ್ಧಿ ಅಷ್ಟೇ ಇರುತ್ತದೆ.

"ಸಾವಿರಾರು ವರ್ಷಗಳ ಹಿಂದಿನ ವಿಧಿ ಇದು" ಎಂದೂ ಆತ ಹೇಳಿದ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದೇ 16ನೆಯ ಶತಮಾನದಲ್ಲಿ, ಅಮೆರಿಕ ಖಂಡದಿಂದ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು. ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ನಾವು ಮೆಣಸಿನಕಾಯಿ ಎಂದೆವು. ನಮ್ಮ ಕಡೆ ಹಳೆಯದಕ್ಕೆ ಇಂದಿಗೂ ಒಳ್ಳೆಮೆಣಸು ಎನ್ನುತ್ತಾರೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸುತ್ತ ಕುಳಿತಿದ್ದೆ.

ಮುಂದಿನ ಪ್ರಶ್ನೆಯೇ ಅವನ ನಿಜವಾದ ಕಸುಬು. "ಮಗುವಿಗೆ ಬೆಳ್ಳಿ ಕೊಟ್ಟವರು ಯಾರು?"

ನಾಮಕರಣಕ್ಕೆ ಬೆಳ್ಳಿ ಬಾರದ ಮನೆ ಇದೆಯೇ? ಉಡಿದಾರ, ಕಾಲ್ಗೆಜ್ಜೆ, ಬಟ್ಟಲು, ಒಳಲೆ, ಏನಾದರೊಂದು ಬಂದೇ ಇರುತ್ತದೆ. ಆತ ಬಾಣ ಬಿಟ್ಟದ್ದು ಕತ್ತಲಿಗೆ, ಆದರೆ ಆ ಕತ್ತಲಿನ ತುಂಬ ಗುರಿಗಳೇ ಇದ್ದವು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ದೊಡ್ಡ ಸೊಸೆ ಉಡಿದಾರ ಕೊಟ್ಟಳು" ಎಂದುಬಿಟ್ಟರು. ಆತ ಕಣ್ಣುಮುಚ್ಚಿ, "ಅವರಿಗೆ ಮಕ್ಕಳಿಲ್ಲ, ಅಲ್ಲವೇ?" ಎಂದ. ಅತ್ತೆಯವರು ಅದನ್ನು ಹೇಳಿದ ದನಿಯಲ್ಲೇ ಅದೂ ಇತ್ತು. ನನಗೆ ಮಾತ್ರ ಮೈ ಜುಮ್ಮೆಂದಿತು.

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಾಗಿಲ್ಲ. ನನ್ನ ಬಾಣಂತನದಲ್ಲಿ ಹದಿನೈದು ದಿನ ನಮ್ಮಲ್ಲೇ ಉಳಿದು, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು. ಆ ಹದಿನೈದು ದಿನ ಆ ಒಂದು ಮಾತಿನಿಂದ ಬಣ್ಣ ಬದಲಿಸಿದವು. ಮಗುವನ್ನು ಅಷ್ಟು ಹೊತ್ತು ಎತ್ತಿಕೊಂಡದ್ದೇಕೆ? "ಎಷ್ಟು ಚೆಂದವಿದೆಯೇ" ಎಂದು ಅಷ್ಟು ಸಲ ಹೇಳಿದ್ದೇಕೆ? ಹೊರಡುವಾಗ ಅತ್ತದ್ದೇಕೆ?

ಅಜ್ಜಿಯ ಪಟ್ಟಿಯಲ್ಲಿ ಮೊದಲು ಬರುತ್ತಿದ್ದುದು ಹೆತ್ತವಳ ಕಣ್ಣು. ನಂತರ ಊರವರದು, ದಾರಿಹೋಕರದು, ನಾಯಿ ನರಿಗಳದು. ಅಷ್ಟೂ ಜನರಿಗೆ ಹಂಚಿದ ಮೇಲೆ ಯಾರೊಬ್ಬರ ತಲೆಯ ಮೇಲೂ ತಪ್ಪು ಉಳಿಯುತ್ತಿರಲಿಲ್ಲ, ಒಲೆ ಆರುವುದರೊಳಗೆ ಎಲ್ಲರೂ ಊಟಕ್ಕೆ ಕೂರುತ್ತಿದ್ದರು. ಈತ ಮಾತ್ರ ಒಬ್ಬಳನ್ನು ಹೆಸರಿಸಿ ಹೋದ. ಹೆಸರನ್ನೂ ನಮ್ಮ ಬಾಯಿಂದಲೇ ಹೇಳಿಸಿದ.

15,000 ಕೇಳಿದ. ಚೌಕಾಸಿ ಮಾಡಿ 6,000 ಮೊಬೈಲ್‌ನಲ್ಲಿ ಕಳುಹಿಸಿದೆವು. ಮಾಟಕ್ಕೆ ಚೌಕಾಸಿ! ದೋಷ ತಗಲಿದ ಬೆಳ್ಳಿಯನ್ನು ಹರಿಯುವ ನೀರಿಗೆ ಬಿಡಬೇಕೆಂದು ಉಡಿದಾರದ ಜೊತೆಗೆ ಗೆಜ್ಜೆ, ಬಟ್ಟಲನ್ನೂ ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡ. ನಮಗೆ ಬಿಟ್ಟುಹೋದದ್ದು ಒಂದು ವಿಧಿ: ಒಂಬತ್ತು ಸಂಜೆ, ಮಗು ಮಲಗುವ ಕೋಣೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿ, ಕೆಂಡದ ಮೇಲೆ ಮನೆಯದೇ ಮೆಣಸಿನಕಾಯಿ ಹಾಕಬೇಕು. "ಈಗ ಘಾಟು ಬರುತ್ತದೆ. ಬಂದರೆ ಮಾಟ ಬಿಡುತ್ತಿದೆ ಎಂದು ತಿಳಿಯಿರಿ." ಘಾಟು ಬಾರದಿದ್ದರೆ ಮಾಟ ಇದೆ, ಬಂದರೆ ಮಾಟ ಹೋಗುತ್ತಿದೆ. ಎರಡು ಕಡೆಯಿಂದಲೂ ಗೆಲ್ಲುವ ಆಟ.

ನಮ್ಮ ಡಬ್ಬಿಯಲ್ಲಿದ್ದದ್ದು ಗುಂಟೂರು. ಮೊದಲ ಎರಡು ಸಂಜೆ ಎಲ್ಲರೂ ಕೆಮ್ಮಿದೆವು, ಕಣ್ಣೀರು ಸುರಿಸಿದೆವು, ಸಂತೋಷಪಟ್ಟೆವು. ಮೂರನೆಯ ಸಂಜೆ ಮಗುವಿನ ಕೆಮ್ಮು ನಿಲ್ಲಲೇ ಇಲ್ಲ. ಉಸಿರಿನಲ್ಲಿ ಸಿಳ್ಳೆಯಂಥ ಸದ್ದು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಹಳ್ಳ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಅಳಲೂ ಶಕ್ತಿಯಿರಲಿಲ್ಲ. ಐದು ರಾತ್ರಿ ಯಾವ ಅಳು ನಿಲ್ಲಲಿ ಎಂದು ಹರಸಿಕೊಂಡಿದ್ದೆನೋ ಅದು ನಿಂತಾಗ ಆದ ಭಯವನ್ನು ನಾನು ಬರೆಯಲಾರೆ. ಇದರಲ್ಲಿ ಯಾವ ಒಂದು ಲಕ್ಷಣ ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ, ಇಲ್ಲವೇ ಕೈಗೆ ಸಿಕ್ಕ ವಾಹನ ಹತ್ತಿ. ಗಾಬರಿಯಲ್ಲಿ ನಾನು ಮಾಡಿದ ಇನ್ನೊಂದು ತಪ್ಪೆಂದರೆ ಮೆಣಸಿನಕಾಯಿ ಮುರಿದ ಕೈಯಲ್ಲೇ ಮಗುವಿನ ಮುಖ ಒರೆಸಿದ್ದು. ಕಣ್ಣು ಕೆಂಡವಾಯಿತು. ಖಾರದ ಅಂಶ ಬರೀ ನೀರಿಗೆ ಹೋಗುವುದಿಲ್ಲ, ಕೈಯನ್ನು ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು. ಇಡೀ ರಾತ್ರಿ ಆಮ್ಲಜನಕದ ಮೇಲೆ ಕಣ್ಣಿಟ್ಟರು. "ಮನೆಯಲ್ಲಿ ಏನಾದರೂ ಹೊಗೆ ಹಾಕಿದ್ದಿರಾ?" ಎಂದು ವೈದ್ಯೆ ಕೇಳಿದಾಗ ನನ್ನ ಗಂಡ, "ಸೊಳ್ಳೆ ಬತ್ತಿ" ಎಂದರು. ನಾನು ಸುಮ್ಮನಿರಲಾರದೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಪೆಪ್ಪರ್ ಸ್ಪ್ರೇಯಲ್ಲಿ ಇರುವುದೂ ಇದೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂದಷ್ಟೇ ಹೇಳಿ, ಪುಟ್ಟ ದೀಪದಿಂದ ಮಗುವಿನ ಕಿವಿ ನೋಡಿದರು. ಎಡಗಿವಿಯ ತಮಟೆ ಕೆಂಪಾಗಿ ಉಬ್ಬಿತ್ತು. ನಡುಗಿವಿಯ ಸೋಂಕು. ಮಲಗಿದರೆ ಒತ್ತಡ ಹೆಚ್ಚಾಗಿ ನೋವು ಜಾಸ್ತಿ, ಎತ್ತಿಕೊಂಡರೆ ಸ್ವಲ್ಪ ಆರಾಮ. ಔಷಧಿ ಶುರುವಾದ ಮೂರನೆಯ ರಾತ್ರಿ ಮಗಳು ಬೆಳಗಿನವರೆಗೂ ನಿದ್ದೆ ಮಾಡಿದಳು.

ಆತನ ನಂಬರಿಗೆ ಕರೆ ಮಾಡಿದರೆ ಈಗ ಸ್ವಿಚ್ ಆಫ್. ಹಣ ಕಳುಹಿಸಿದ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರೆ ಹಣ ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತಿತ್ತು. ನಾವು ಮೂರು ವಾರ ಮರ್ಯಾದೆಯ ಲೆಕ್ಕ ಹಾಕುತ್ತ ಕುಳಿತೆವು. ವಾಮಾಚಾರ ತಡೆಗೆ ಕರ್ನಾಟಕದಲ್ಲಿ 2017ರಲ್ಲೇ ಕಾಯ್ದೆಯಾಗಿ, 2020ರ ಜನವರಿಯಿಂದ ಜಾರಿಯಲ್ಲಿದೆ ಎಂಬುದನ್ನೂ ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಈಗ ಪೊಲೀಸರಿಗೆ ದೂರು ಬರೆದು ಕೊಟ್ಟಿದ್ದೇವೆ. ಬೆಳ್ಳಿ ಸಿಗುತ್ತದೆಂಬ ಆಸೆಯಿಲ್ಲ. ನೆರೆಮನೆಯವರಿಗೂ ವಿಷಯ ಹೇಳಿದೆ. "ನಿಮಗೆ ನಂಬಿಕೆ ಸಾಲದೆ ಹೀಗಾಯಿತು" ಎಂದರು.

ಅತ್ತೆಯವರು ಈಗ ಆ ಮಾತೆತ್ತುವುದಿಲ್ಲ. ಆದರೆ ಅಕ್ಕ ಬಂದು ಹೋದ ಮೇಲೆ ಮಗು ಸೀನಿದರೂ ಸಾಕು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ತಪ್ಪಿಸಿಕೊಳ್ಳುತ್ತೇವೆ. ಕಿವಿಯ ಸೋಂಕೆಂದು ಗೊತ್ತಾದ ಮೇಲೂ!

ಅಕ್ಕನಿಗೆ ಇದೊಂದೂ ಗೊತ್ತಿಲ್ಲ. ಕಳೆದ ವಾರ ಫೋನು ಮಾಡಿದ್ದಳು. "ವರ್ಷ ತುಂಬುತ್ತ ಬಂತಲ್ಲ, ಉಡಿದಾರ ಬಿಗಿಯಾಗಿರಬೇಕು ಕಣೇ. ಸೊಂಟದ ಅಳತೆ ಕಳುಹಿಸು, ಎರಡು ಕೊಂಡಿ ಸೇರಿಸಿ ತರುತ್ತೇನೆ" ಎಂದಳು. ಅಳತೆ ತೆಗೆದು ಇಟ್ಟಿದ್ದೇನೆ, ಇನ್ನೂ ಕಳುಹಿಸಿಲ್ಲ.