ಸಂತೇಪೇಟೆಯ ಪಂಪ್ ಸ್ಟಾರ್ಟರ್ ಅಂಗಡಿಗೆ ನಮ್ಮ ರೋಬೋಟ್ ಕಂಟ್ರೋಲರ್ ಕೊಟ್ಟಿದ್ದು

ಹಾಸನದ ಸಂತೇಪೇಟೆ ಕಡೆ ಇರೋ ಸಣ್ಣ ಅಂಗಡಿ. ಪಂಪ್‌ಸೆಟ್ ಸ್ಟಾರ್ಟರ್, ಯುಪಿಎಸ್, ಎಲೆಕ್ಟ್ರಿಕ್ ಸ್ಕೂಟರ್ ಕಂಟ್ರೋಲರ್ ರಿಪೇರಿ ಮಾಡ್ತಾರೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ಟಾಯ್ತು ಅಂತ ಮುಂದೆ ಹೇಳ್ತೀನಿ.

ನಮ್ಮದು 15 ಕೆಜಿ ಕ್ಲಾಸಿನ ಕಾದಾಟದ ರೋಬೋಟ್. ಟೀಮಲ್ಲಿ ವೈರಿಂಗ್ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಮುಂದೆ ತಿರುಗೋ ಡ್ರಮ್ಮಿಗೆ ಬ್ರಶ್‌ಲೆಸ್ ಮೋಟರ್, ಅದಕ್ಕೆ ಆರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಎರಡರ ಮಧ್ಯೆ ಮೋಟರಿಗೆ ಕರೆಂಟ್ ಹಂಚೋ ಕಂಟ್ರೋಲರ್. ಫುಲ್ ಚಾರ್ಜಲ್ಲಿ 25.2 ವೋಲ್ಟ್. ಕಾಲೇಜು ಫೆಸ್ಟಲ್ಲಿ ಡ್ರಮ್ಮಿನ ಹಲ್ಲು ಎದುರಾಳಿಯ ರಬ್ಬರ್ ಚಕ್ರಕ್ಕೆ ಕಚ್ಚಿಕೊಂಡು ನಿಂತೇಬಿಡ್ತು. ಮೋಟರ್ ತಿರುಗ್ತಾ ಇದ್ದರೆ ಅದೇ ಹುಟ್ಟಿಸೋ ವೋಲ್ಟೇಜು ಕರೆಂಟಿಗೆ ಅಡ್ಡ ನಿಲ್ಲುತ್ತೆ. ನಿಂತರೆ ಅದೂ ಇಲ್ಲ, ವೈಂಡಿಂಗಿನ ಚೂರುಪಾರು ರೆಸಿಸ್ಟೆನ್ಸ್ ಬಿಟ್ಟರೆ ತಡೆಯೋಕೆ ಏನೂ ಇರಲ್ಲ. ಪಟ್ ಅಂತ ಸದ್ದು, ಹೊಗೆ, ಕಂಟ್ರೋಲರ್ ಸುಟ್ಟು ಮ್ಯಾಚೂ ಹೋಯ್ತು. ಹೊಸ ಕಂಟ್ರೋಲರ್ ಅಂದರೆ 6,000 ರೂಪಾಯಿ ಮೇಲೆ, ಬರೋತನಕ ಕಾಯೋದು ಬೇರೆ. ಊರಲ್ಲಿ ಮೊದಲು ತೋರಿಸಿದ ಕಡೆ ಒಂದು ಸ್ಕ್ರೂ ಕೂಡ ಬಿಚ್ಚದೆ "ಬೋರ್ಡ್ ಹೋಗಿದೆ, ಎಸೀರಿ" ಅಂದರು.

ಈ ಅಂಗಡಿಯವರು ನಮ್ಮಪ್ಪನ ವಯಸ್ಸಿನವರು, ಆದರೂ ಬೀದಿಗೆಲ್ಲ "ಅಣ್ಣ". ಕಂಟ್ರೋಲರ್ ಕೈಗೆ ಕೊಟ್ಟ ತಕ್ಷಣ ಅವರು ಕೇಳಿದ್ದು, "ಮೋಟರ್ ಎಲ್ಲಿ ಕಣಮ್ಮ?"

ಕಂಟ್ರೋಲರ್ ಸುಟ್ಟಿದ್ದಕ್ಕೆ ಮೋಟರ್ ಯಾಕೆ ಅಂದೆ.

"ಮೋಟರ್ ಒಳಗೇ ಶಾರ್ಟ್ ಆಗಿದ್ರೆ ನಾನು ಹಾಕೋ ಹೊಸ ಮಾಸ್‌ಫೆಟ್ಟೂ ಸ್ವಿಚ್ ಒತ್ತಿದ ತಕ್ಷಣ ಹೋಗುತ್ತೆ. ಹೋಗೋದು ನಿನ್ನ ದುಡ್ಡು, ಕೆಡೋದು ನನ್ನ ಹೆಸರು."

ಈ ಒಂದು ಮಾತಿಗೇ ನಾನು ಮೂರು ಸ್ಟಾರ್ ಕೊಟ್ಟಿದ್ದೀನಿ. (ಮಾಸ್‌ಫೆಟ್ ಅಂದರೆ ಕಂಟ್ರೋಲರ್ ಒಳಗೆ ಕರೆಂಟನ್ನ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್.) ಮೋಟರ್ ತಂದುಕೊಟ್ಟೆ. ಮೂರು ವೈರಿಗೂ ಅವರು ಪಂಪ್‌ಸೆಟ್ ಲೆಕ್ಕದಲ್ಲೇ ಆರ್, ವೈ, ಬಿ ಅಂತ ಹೆಸರಿಟ್ಟರು. ಇಷ್ಟು ಕಡಿಮೆ ರೆಸಿಸ್ಟೆನ್ಸು ಮಾಮೂಲಿ ಮಲ್ಟಿಮೀಟರಿಗೆ ಸಿಗಲ್ಲ. ಅದಕ್ಕೆ ಪವರ್ ಸಪ್ಲೈನ 5 ಆಂಪಿಯರ್‌ಗೆ ಕಟ್ಟಿಹಾಕಿ, ಎರಡೆರಡು ವೈರಿನ ಮಧ್ಯೆ ಬಿಟ್ಟು, ಎಷ್ಟು ಮಿಲಿವೋಲ್ಟ್ ಬೀಳುತ್ತೆ ಅಂತ ನೋಡಿದರು. ಮೂರು ಜೋಡಿಯೂ ಒಂದೇ ಅಳತೆ. ವೈಂಡಿಂಗ್ ಬಾಡಿಗೆ ತಾಗಿದೆಯಾ ಅಂತಲೂ ನೋಡಿ, ಮೋಟರ್ ಚೆನ್ನಾಗಿದೆ ಅಂತ ಪಕ್ಕಕ್ಕಿಟ್ಟರು.

ಆಮೇಲೆ ಬೋರ್ಡು. ಮೀಟರ್ ಡಯೋಡ್ ಮೋಡಲ್ಲಿ, ಕೆಂಪು ಕಡ್ಡಿ ನೆಗೆಟಿವ್ ವೈರಿಗೆ, ಕಪ್ಪು ಕಡ್ಡಿ ಒಂದೊಂದೇ ಫೇಸಿಗೆ, ಅಂದರೆ ಮೋಟರಿನ ಆ ಮೂರು ವೈರ್ ಸೇರೋ ಜಾಗಕ್ಕೆ. ಎರಡು ಫೇಸಲ್ಲಿ 0.4 ವೋಲ್ಟ್ ಚಿಲ್ಲರೆ ಬಂತು, ಅಂದರೆ ಅವು ಸರಿ ಇವೆ. ಮೂರನೆಯದರಲ್ಲಿ ಬರೀ ಕುಯ್ಯೋ ಅಂತ ಸದ್ದು, ಶಾರ್ಟ್. ಈ ಚೈನಾ ಬೋರ್ಡಿಗೆ ಸರ್ಕ್ಯೂಟ್ ಡಯಾಗ್ರಂ ಎಲ್ಲಿಂದ ತರ್ತೀರಿ ಅಂತ ಕೇಳಿದ್ದಕ್ಕೆ, "ಬದುಕಿರೋ ಎರಡು ಫೇಸೇ ಡಯಾಗ್ರಂ" ಅಂದರು. ಚೆನ್ನಾಗಿರೋ ಫೇಸಿನ ಒಂದೊಂದು ಕಾಲಿನ ರೀಡಿಂಗನ್ನೂ ಸತ್ತ ಫೇಸಿನ ಜೊತೆ ತಾಳೆ ನೋಡ್ತಾ ಹೋದರು. ಗೇಟ್ (ಮಾಸ್‌ಫೆಟ್ಟಿಗೆ ಆನ್-ಆಫ್ ಹೇಳೋ ಕಾಲು) ರೆಸಿಸ್ಟರ್ ಓಪನ್, ಅದರ ಹಿಂದೆ ಗೇಟನ್ನ ನಡೆಸೋ ಎಂಟು ಕಾಲಿನ ಡ್ರೈವರ್ ಐಸಿಯೂ ಔಟ್. ಮಾಸ್‌ಫೆಟ್ ಒಳಗೆ ಶಾರ್ಟ್ ಆದಾಗ ಬ್ಯಾಟರಿ ವೋಲ್ಟೇಜು ಗೇಟಿನ ದಾರಿ ಹಿಡಿದು ಡ್ರೈವರಿಗೂ ನುಗ್ಗುತ್ತಂತೆ. ಬರೀ ಮಾಸ್‌ಫೆಟ್ ಬದಲಿಸಿ ಕೊಡೋರ ಹತ್ತಿರ ರಿಪೇರಿ ನಿಲ್ಲದೆ ಇರೋದು ಇದಕ್ಕೇ.

ಮಾಸ್‌ಫೆಟ್‌ಗಳು ಒಂದರ ಪಕ್ಕ ಒಂದು ಪ್ಯಾರಲಲ್ ಆಗಿದ್ದವು. ಒಂದೇ ಸತ್ತಿದ್ದರೂ ಆ ಫೇಸಿನವನ್ನೆಲ್ಲ ತೆಗೆದರು, ಉಳಿದವೂ ಏಟು ತಿಂದಿರ್ತವೆ ಅಂತ. ದಪ್ಪ ತಾಮ್ರದ ಬೋರ್ಡು ಬಿಸಿಯನ್ನೆಲ್ಲ ನುಂಗಿಬಿಡೋದರಿಂದ ಮೇಲಿಂದ ಬರೀ ಹಾಟ್ ಏರ್ ಹಿಡಿದರೆ ಬೆಸುಗೆ ಕರಗಲ್ಲ; ರೊಟ್ಟಿ ಹಂಚಿನ ಹಾಗೆ ಕೆಳಗೊಂದು ಹೀಟರ್ ಪ್ಲೇಟ್ ಇಟ್ಟು ಮಾಡಿದರು. ಹೊಸ ಮಾಸ್‌ಫೆಟ್ ಟೇಪಿನಿಂದ ಬಿಚ್ಚಿದ್ದು ನನ್ನ ಕಣ್ಣೆದುರೇ. ಹಳೇ ನಂಬರ್ ಉಜ್ಜಿ ಹೊಸ ನಂಬರ್ ಹೊಡೆದ ಮಾಲು ಮಾರ್ಕೆಟ್ಟಲ್ಲಿ ಓಡಾಡೋ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೊದಲ ಸಲ ಕರೆಂಟ್ ಕೊಟ್ಟಿದ್ದು 12 ವೋಲ್ಟಲ್ಲಿ, ಮಧ್ಯೆ ಕಾರಿನ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಸೇರಿಸಿ. ಶಾರ್ಟ್ ಉಳಿದಿದ್ದರೆ ಬಲ್ಬ್ ಉರಿಯುತ್ತೆ, ಬೋರ್ಡ್ ಉಳಿಯುತ್ತೆ. ಕೆಪಾಸಿಟರ್ ತುಂಬೋವರೆಗೆ ಬಲ್ಬ್ ಮಿನುಗಿ ಆರಿತು, ಮೋಟರ್ ಪೀಪ್ ಪೀಪ್ ಅಂತು, ಅಂದರೆ ಕಂಟ್ರೋಲರ್ ಬದುಕಿದೆ ಅಂತ. ನಮ್ಮ ರೋಬೋಟಲ್ಲಿ ಬ್ಯಾಟರಿ ಹಿಂದೆ, ಕಂಟ್ರೋಲರ್ ಮುಂದೆ, ಮಧ್ಯೆ ಉದ್ದ ವೈರ್. ವೈರ್ ಉದ್ದ ಇದ್ದಷ್ಟೂ ಸ್ವಿಚಿಂಗ್ ಹೊತ್ತಲ್ಲಿ ವೋಲ್ಟೇಜ್ ಹಾರುತ್ತೆ ಅಂತ ಕಂಟ್ರೋಲರ್ ಬಾಯಲ್ಲೇ 35 ವೋಲ್ಟಿನ ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರೋ) ಕೆಪಾಸಿಟರ್‌ಗಳನ್ನೂ ಕೂರಿಸಿಕೊಟ್ಟರು. ಎಲ್ಲ ಸೇರಿ 1,400 ರೂಪಾಯಿ.

ಈಗ ಕಟ್ಟಾದ ಸ್ಟಾರ್. ಮಧ್ಯಾಹ್ನ ಫೋನ್ ಎತ್ತಲ್ಲ. ಬೇಸಿಗೇಲಿ ಹೋದರೆ ಬೋರ್‌ವೆಲ್ ಸ್ಟಾರ್ಟರ್‌ಗಳ ರಾಶಿ ಮುಂದೆ ನಿಮ್ಮ ರೋಬೋಟಿಗೆ ಕೊನೇ ಸರದಿ. ಅದು ನ್ಯಾಯವೇ ಅನ್ನಿ, ಅಲ್ಲಿ ಬೆಳೆ ಒಣಗ್ತಿರುತ್ತೆ. ಬಿಲ್ ಕೇಳಿದರೆ ಸ್ಟಾರ್ಟರ್ ಡಬ್ಬದ ರಟ್ಟು ಹರಿದು ಬರೆದುಕೊಟ್ಟರು. ಕಾಲೇಜು ಅಕೌಂಟ್ಸಲ್ಲಿ ಅದನ್ನ ತಿರುಗಿಸಿ ತಿರುಗಿಸಿ ನೋಡಿದರು. ಲೋಡ್ ಟೆಸ್ಟ್ ಇಲ್ಲ, 100 ಆಂಪಿಯರ್ ಎಳೆಯೋ ವ್ಯವಸ್ಥೆ ಅವರ ಟೇಬಲ್ ಮೇಲಿಲ್ಲ. ಗ್ಯಾರಂಟಿಯೂ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತಾರೆ. ನಾವು ಕಾಲೇಜಿಗೆ ತಂದು ಕಬ್ಬಿಣದ ಪಂಜರದೊಳಗಿಟ್ಟು ಡ್ರಮ್ ಪೂರ್ತಿ ಸ್ಪೀಡಿಗೆ ಓಡಿಸಿದ್ವಿ; ಹೀಟ್‌ಸಿಂಕ್ ಕೈಯಲ್ಲಿ ಮುಟ್ಟೋ ಹಾಗಿತ್ತು.

ಡ್ರೋನಿನ ಬೆರಳುಗುರಷ್ಟು ಕಂಟ್ರೋಲರ್ ಇದ್ದರೆ ಹೋಗಬೇಡಿ, ಮುಟ್ಟಲ್ಲ. ಫರ್ಮ್‌ವೇರ್ ತೊಂದರೆಯೂ ನೋಡಲ್ಲ. ಲಿಪೋ ಬ್ಯಾಟರಿನ ಹೊಸ್ತಿಲು ದಾಟೋಕೂ ಬಿಡಲ್ಲ, ಮೋಟರ್ ಮಾತ್ರ ತಗೊಂಡು ಹೋಗಿ. ಹಾಸನಾಂಬ ದರ್ಶನದ ದಿನಗಳಲ್ಲಿ ಗಾಡಿ ನಿಲ್ಲಿಸೋಕೂ ಜಾಗ ಸಿಗಲ್ಲ, ಅದಕ್ಕೆ ಮುಂಚೆ ಹೋಗಿ ಬನ್ನಿ.