ಮುಚ್ಚಿದ ಕೊಳವೆ ಹುಳಕ್ಕೆ ದುಡ್ಡು ಕೊಡಬೇಡಿ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿರುವವರು ದಯವಿಟ್ಟು ಪೂರ್ತಿ ಓದಿ. ಫೆದರ್ ಡಸ್ಟರ್ ಅಂದರೆ ಕೊಳವೆಯೊಳಗೆ ಇದ್ದುಕೊಂಡು ತಲೆಯ ಗರಿಯನ್ನು ಹೊರಗೆ ಬೀಸಣಿಗೆ ಹಾಗೆ ಅರಳಿಸುವ ಸಮುದ್ರದ ಹುಳ. ಅದು ಅಂತ 1,800 ರೂಪಾಯಿ ಕೊಟ್ಟು ನಾನು ತಂದಿದ್ದು ಸಾಯುತ್ತಿದ್ದ ಹುಳ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಆರು ವರ್ಷದಿಂದ ಟ್ಯಾಂಕ್ ನೋಡಿಕೊಂಡು ಬಂದವಳು ನಾನು.

ಬೆಂಗಳೂರಿನ ಅಂಗಡಿಯವನು ವಾಟ್ಸಾಪ್‌ನಲ್ಲಿ ವೀಡಿಯೊ ಕಳಿಸಿದ. ಅಂಗೈ ಅಗಲಕ್ಕೆ ಅರಳಿದ ಗರಿ, ಅದರ ಮೇಲೆ ಕಂದು-ಬಿಳಿ ಪಟ್ಟೆ. ಹಿಂದೆ ಒಂದು ಪುಟ್ಟ ಹರ್ಮಿಟ್ ಏಡಿ ಎಡದಿಂದ ಬಲಕ್ಕೆ ನಡೆದು ಹೋಗುತ್ತೆ. "ಈಗ ತಾನೇ ತೆಗೆದಿದ್ದು ಮೇಡಂ" ಅಂದ. ತುಮಕೂರಿನಿಂದ ಬಸ್ ಹತ್ತಿ ಹೋದೆ. ಅಲ್ಲಿ ನೋಡಿದರೆ ಮರಳಲ್ಲಿ ಬರೀ ಕೊಳವೆ ನಿಂತಿದೆ, ಗರಿ ಕಾಣಿಸಲೇ ಇಲ್ಲ.

"ಜನ ಓಡಾಡ್ತಾರಲ್ಲ ಮೇಡಂ, ಹೆದರಿಕೊಂಡಿದೆ. ಮನೆಗೆ ಹೋದ್ಮೇಲೆ ಅರಳುತ್ತೆ."

ಇದು ಸುಳ್ಳಲ್ಲ, ಅಲ್ವಾ? ನೆರಳು ಬಿದ್ದರೂ ಸಾಕು, ಗರಿ ಪಟ್ಟನೆ ಒಳಗೆ ಹೋಗುತ್ತೆ. ಆದರೆ ಚೆನ್ನಾಗಿರುವ ಹುಳ ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬರುತ್ತೆ. ಅರ್ಧ ಗಂಟೆ ನಿಂತೆ, ಬರಲಿಲ್ಲ. ಆದರೂ ದುಡ್ಡು ಕೊಟ್ಟೆ. ಅಲ್ಲೇ ನಾನು ಕೆಟ್ಟೆ.

ಮನೆಗೆ ತಂದು ಒಂದೂವರೆ ಗಂಟೆ ಹನಿ ಹನಿಯಾಗಿ ನನ್ನ ಟ್ಯಾಂಕಿನ ನೀರಿಗೆ ಹೊಂದಿಸಿದೆ. ನೀರಿನ ಹರಿವು ಜಾಸ್ತಿ ಇಲ್ಲದ ಮೂಲೆಯಲ್ಲಿ ಇಟ್ಟೆ. ಉಪ್ಪಿನಂಶ ಸರಿಯಾಗೇ ಇತ್ತು (ನೀರಿನ ಸಾಪೇಕ್ಷ ಸಾಂದ್ರತೆ 1.025), ನೀರು 25 ಡಿಗ್ರಿ. ಇದು ನೀರಲ್ಲಿ ತೇಲುವುದನ್ನೇ ಸೋಸಿ ತಿನ್ನುವ ಹುಳ, ಅದಕ್ಕೆ ಫೈಟೋಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ) ಕೂಡ ಕೊಂಡೆ. ಮಗಳು ದಿನಾ ಶಾಲೆಯಿಂದ ಬಂದವಳೇ ಟ್ಯಾಂಕ್ ಮುಂದೆ ಕೂರುತ್ತಿದ್ದಳು. ಐದನೇ ದಿನ ಬೆಳಿಗ್ಗೆ ಗರಿ ಪೂರ್ತಿ ಕಳಚಿ, ಬಾಡಿದ ಹೂವಿನ ಹಾಗೆ ಮರಳ ಮೇಲೆ ಬಿದ್ದಿತ್ತು.

ಫೋಟೋ ಕಳಿಸಿದೆ. "ಗರಿ ಉದುರಿಸೋದು ನಾರ್ಮಲ್ ಮೇಡಂ, ಮತ್ತೆ ಬರುತ್ತೆ. ಎರಡು ವಾರ ಮುಟ್ಲೇಬೇಡಿ."

ಇದೂ ನಿಜವೇ! ತೊಂದರೆಯಾದಾಗ ಗರಿ ಕಳಚುತ್ತೆ, ಹುಳ ಬದುಕಿದ್ದರೆ ಮತ್ತೆ ಬೆಳೆಯುತ್ತೆ. ನಾವು ಓದಿ ತಿಳಿದುಕೊಂಡ ಮಾತನ್ನೇ ನಮಗೆ ಹೇಳಿ ಸುಮ್ನೆ ಕೂರಿಸಿಬಿಟ್ಟ. ಅವನ ಗ್ಯಾರಂಟಿ ಇದ್ದದ್ದೇ ಮೂರು ದಿನ.

ಹನ್ನೊಂದನೇ ದಿನ ಕ್ಲೌನ್ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಮೋನಿಯಾ ಟೆಸ್ಟ್ ಮಾಡಿದರೆ ಹಸಿರು ಬಣ್ಣ, ಅಂದರೆ ಏನೋ ಕೊಳೆತು ನೀರಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ ಸೇರಿದೆ. ಓಡಿ ಹೋಗಿ ಕೊಳವೆ ಕಿತ್ತೆ. ಗಟ್ಟಿ ಚರ್ಮದ ಹಾಗೆ ಇರಬೇಕಾದದ್ದು ನೆನೆದ ರಟ್ಟಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಒಳಗೆ ಕಪ್ಪು ಲೋಳೆ, ಕೊಳೆತ ವಾಸನೆ. ಕೆಳಗಿನ ತುದಿ ಹರಿದಿತ್ತು, ಅದನ್ನು ನೈಲಾನ್ ದಾರದಲ್ಲಿ ಬಿಗಿದು ಕಟ್ಟಿದ್ದರು! ಬಂಡೆಯಿಂದ ಎಳೆದು ಕಿತ್ತಾಗ ಹುಳವೂ ಹರಿದಿರಬೇಕು. ಮರಳಲ್ಲಿ ಹೂತು ನಿಲ್ಲಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮ ನೀರೇ ಸರಿ ಇಲ್ಲ ಮೇಡಂ. ನಮ್ಮಲ್ಲಿ ಚೆನ್ನಾಗೇ ಇತ್ತು. ವೀಡಿಯೊ ನೋಡಿದ್ರಲ್ಲ."

ವೀಡಿಯೊ! ತಮ್ಮನ ನಂಬರಿನಿಂದ "ಫೆದರ್ ಡಸ್ಟರ್ ಇದೆಯಾ?" ಅಂತ ಕೇಳಿಸಿದೆ. ಎರಡೇ ನಿಮಿಷಕ್ಕೆ ಬಂತು. ಅದೇ ಗರಿ, ಅದೇ ಏಡಿ, ಎಡದಿಂದ ಬಲಕ್ಕೆ. "ಈಗ ತಾನೇ ತೆಗೆದಿದ್ದು ಸಾರ್." ಕೈಕಾಲು ನಡುಗಿತು ನನಗೆ.

ಅಂಗಡಿಯಲ್ಲಿ ಅರಳಿದ್ದನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ. ಕೈ ಅಡ್ಡ ಹಿಡಿದು ನೆರಳು ಬೀಳಿಸಿ, ಒಳಗೆ ಹೋಗಬೇಕು, ಮತ್ತೆ ಬರಬೇಕು. ಕೊಳವೆ ಎತ್ತಿಸಿ ಕೆಳಗಿನ ತುದಿ ನೋಡಿ. ಎತ್ತಲ್ಲ ಅಂದರೆ ಎದ್ದು ಬನ್ನಿ. ವೀಡಿಯೊ ಬೇಕಿದ್ದರೆ ಟ್ಯಾಂಕ್ ಪಕ್ಕ ನಿಮ್ಮ ಹೆಸರು ಬರೆದ ಚೀಟಿ ಇಟ್ಟು ತೆಗೆಯಲು ಹೇಳಿ. ಗರಿ ಉದುರಿದರೆ ಕಾಯಿರಿ, ಆದರೆ ದಿನಾ ವಾಸನೆ ನೋಡಿ, ಅಮೋನಿಯಾ ನೋಡಿ. ನಾನು ನೋಡಲಿಲ್ಲ, ಒಂದು ಕ್ಲೌನ್ ಹೋಯಿತು.

ದುಡ್ಡು ವಾಪಸ್ ಬಂದಿಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ತಮ್ಮನದಕ್ಕೆ ನಿನ್ನೆಯೂ ಮೆಸೇಜ್ ಬಂದಿದೆ: "ಸಾರ್, ಕೊನೇ ಪೀಸ್, ತಗೋತೀರಾ?"