ಮೆತ್ತಗಿರೋದಲ್ಲ, ಗಟ್ಟಿಯದ್ದೇ ಹಿತ: ಸೊಂಟದೊಳಗಿನ ಹೋಲ್‌ಸ್ಟರ್‌ಗಳ ಬಗ್ಗೆ

ಹೋಲ್‌ಸ್ಟರ್ ಅಂದರೆ ಪಿಸ್ತೂಲು ಇಟ್ಟುಕೊಳ್ಳುವ ಕವಚ; ನಾನು ಹೇಳುತ್ತಿರುವುದು ಪ್ಯಾಂಟಿನ ಒಳಗೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬಗೆಯದ್ದು. ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿದಾಗ ಮೆತ್ತಗಿರುವ ಹೋಲ್‌ಸ್ಟರೇ ಚೆನ್ನಾಗಿದೆ ಅನಿಸುತ್ತದೆ. ನೈಲಾನ್ ಬಟ್ಟೆ, ಒಳಗೆ ಸ್ಪಂಜು, ಮೇಲೊಂದು ಕ್ಲಿಪ್ಪು. ಬೆಲೆಯೂ ಇಪ್ಪತ್ತು ಡಾಲರ್ ಆಸುಪಾಸು. ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಅರ್ಧ ದಿನ ಕೌಂಟರ್ ಹಿಂದೆ ನಿಂತು ನೋಡಿ. ಪಿಸ್ತೂಲು ನಿಧಾನಕ್ಕೆ ವಾಲುತ್ತದೆ. ಅದರ ಹಿಡಿ ಅಂಗಿಯನ್ನು ಹೊರಕ್ಕೆ ತಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ಕೈ ಅಲ್ಲಿಗೇ ಹೋಗುತ್ತದೆ. ಬಚ್ಚಿಟ್ಟುಕೊಂಡ ವಸ್ತುವನ್ನು ಹೀಗೆ ಮುಟ್ಟಿ ಮುಟ್ಟಿ ನೋಡಿಕೊಂಡರೆ ಎದುರಿಗಿದ್ದವರಿಗೆ ಗೊತ್ತಾಗದೆ ಇರುತ್ತದಾ?

ನಾನಿರುವುದು ಟೆಕ್ಸಾಸಿನಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ. ಗಂಡ ಹೆಂಡತಿ ಸೇರಿ ಗ್ಯಾಸ್ ಸ್ಟೇಷನ್ನಿನ ಅಂಗಡಿ ನಡೆಸುತ್ತೇವೆ. ರಾತ್ರಿ ಬಾಗಿಲು ಹಾಕುವುದು ಹೆಚ್ಚಾಗಿ ನಾನೇ. ಗಲ್ಲಾದ ದುಡ್ಡೂ ನನ್ನ ಕೈಯಲ್ಲೇ ಇರುತ್ತದೆ. ಹಾಗಾಗಿ ಪಿಸ್ತೂಲು. ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ಅದು ನಮ್ಮ ಮನೆಯ ಊಟದ ಮೇಜಿನ ಮೇಲೆ ಸಾಕಷ್ಟು ಆಗಿದೆ.

ನನ್ನ ತವರು ಕೊಡಗು. ಅಲ್ಲಿ ಕೋವಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇರುತ್ತಿತ್ತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ದಿನ, ಅಂದರೆ ನಮ್ಮ ಆಯುಧಪೂಜೆಯ ಹಬ್ಬದ ದಿನ, ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹೆಗಲಿಗೆ ಹಾಕುವ ಕೋವಿಗೆ ಒಂದು ಪಟ್ಟಿ ಇದ್ದರೆ ಆಯಿತು. ಮೈಗೆ ಅಂಟಿಸಿಕೊಂಡು ಯಾರಿಗೂ ಕಾಣದ ಹಾಗೆ ಓಡಾಡುವುದು ಅಲ್ಲಿ ಯಾರೂ ಕಲಿಸದ ವಿದ್ಯೆ. ಇಲ್ಲಿಗೆ ಬಂದ ಮೇಲೆ ಅದನ್ನು ಅ ಆ ಇ ಈಯಿಂದ ಕಲಿಯಬೇಕಾಯಿತು. ಕಲಿಸುವವರೆಲ್ಲ ಗಂಡಸರು. ಅವರು ಹೇಳುವುದು ಗಂಡಸರ ಸೊಂಟಕ್ಕೆ, ಗಂಡಸರ ಬೆಲ್ಟಿಗೆ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ, ಬೇರೆ ಅಡ್ಡಿ ಇಲ್ಲದವರಿಗೆ ಕೈಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಬೇಕಿಲ್ಲ. ಆದರೂ ನಾನು ಮಾಡಿಸಿದ್ದೇನೆ. ಶುಲ್ಕ 40 ಡಾಲರ್, ಜೊತೆಗೊಂದು ತರಗತಿ, 50 ಗುಂಡಿನ ಪರೀಕ್ಷೆ. ಎಚ್-1ಬಿ ವೀಸಾದಲ್ಲಿರುವ ಹುಡುಗರು ಸುಮ್ನೆ ಆಸೆ ಪಡಬೇಡಿ. ಆ ಥರದ ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಕೇಂದ್ರದ ಕಾನೂನೇ ಕೆಲವು ವಿನಾಯಿತಿ ಬಿಟ್ಟರೆ ತಡೆಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಆ ತೊಡಕಿಲ್ಲ. ಕೆಂಪು ಅಕ್ಷರದಲ್ಲಿ 51% ಎಂದು ಬೋರ್ಡ್ ಹಾಕಿದ ಬಾರು (ಆದಾಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಬರುತ್ತದೆ ಅಂತ ಅದರರ್ಥ), ಶಾಲೆ, ಪೋಸ್ಟ್ ಆಫೀಸು, ಇಲ್ಲೆಲ್ಲ ಒಯ್ಯುವ ಹಾಗಿಲ್ಲ.

ನನ್ನದು ಸಿಗ್ ಕಂಪನಿಯ ಪಿ365. 2018ರಲ್ಲಿ ಬಂದದ್ದು. ನಳಿಗೆ 3.1 ಇಂಚು, ಮ್ಯಾಗಜಿನ್ನಿನಲ್ಲಿ ಹತ್ತು ಗುಂಡು, ತೂಕ ಸುಮಾರು ಅರ್ಧ ಕಿಲೋ. ನಮ್ಮ ಯಜಮಾನರದ್ದು ಗ್ಲಾಕ್ 19. ಅದು ಇನ್ನೂ ದಪ್ಪ, ಭಾರವೂ ಜಾಸ್ತಿ. ತಮಾಷೆ ಅಂದರೆ ಬಚ್ಚಿಡಲು ಕಷ್ಟ ಆಗುವುದು ನಳಿಗೆಯಿಂದಲ್ಲ. ನಳಿಗೆ ಪ್ಯಾಂಟಿನ ಒಳಗೇ ಇರುತ್ತದೆ, ಅದನ್ನು ಯಾರು ನೋಡುತ್ತಾರೆ? ಅಂಗಿಯ ಮೇಲೆ ಎದ್ದು ಕಾಣುವುದು ಹಿಡಿ. ಹಿಡಿಯನ್ನು ಮೈಯ ಕಡೆ ತಿರುಗಿಸಿ ಇಡಬಲ್ಲ ಹೋಲ್‌ಸ್ಟರ್ ಒಳ್ಳೆಯದು. ಅದು ಆಗದ ಹೋಲ್‌ಸ್ಟರ್ ಎಷ್ಟು ಚಂದ ಇದ್ದರೂ ವ್ಯರ್ಥ.

ಇದಕ್ಕೆ ಈಗ ಎರಡು ಸಣ್ಣ ಉಪಾಯಗಳಿವೆ. ಒಂದು ಕ್ಲಾ. ಹೋಲ್‌ಸ್ಟರಿನ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸುವ ಪುಟ್ಟ ರೆಕ್ಕೆ. ಬೆಲ್ಟ್ ಬಿಗಿ ಮಾಡಿದಾಗ ಬೆಲ್ಟು ಈ ರೆಕ್ಕೆಯನ್ನು ಒತ್ತುತ್ತದೆ, ಆಗ ಹಿಡಿ ಹೊಟ್ಟೆಯ ಕಡೆ ತಿರುಗುತ್ತದೆ. ಇನ್ನೊಂದು ವೆಜ್. ಹೋಲ್‌ಸ್ಟರಿನ ಕೆಳತುದಿಯಲ್ಲಿ, ಮೈ ತಾಗುವ ಕಡೆ ಅಂಟಿಸುವ ಫೋಮಿನ ದಿಂಬು. ಅದು ಕೆಳತುದಿಯನ್ನು ಮೈಯಿಂದ ಸ್ವಲ್ಪ ದೂರ ತಳ್ಳುತ್ತದೆ, ಮೇಲಿನ ಭಾಗ ತಾನಾಗಿ ಒಳಕ್ಕೆ ಬಾಗುತ್ತದೆ. ಜೊತೆಗೆ ಕಿಬ್ಬೊಟ್ಟೆಗೆ ಚೂಪು ತುದಿ ಚುಚ್ಚುವುದೂ ತಪ್ಪುತ್ತದೆ. ಇಡೀ ಹೋಲ್‌ಸ್ಟರಿನಲ್ಲಿ ಮೆತ್ತಗಿರಬೇಕಾದ ಜಾಗ ಇದೊಂದೇ ಅಂತ ನನ್ನ ಲೆಕ್ಕ.

ಉಳಿದದ್ದೆಲ್ಲ ಗಟ್ಟಿ ಇರಲಿ. ನಾನು ಹೇಳುವುದು ಕೈಡೆಕ್ಸ್ ಬಗ್ಗೆ. ಇದು ಒಂದು ಬಗೆಯ ಪ್ಲಾಸ್ಟಿಕ್ ಹಾಳೆ. ಬಿಸಿ ಮಾಡಿ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡುತ್ತಾರೆ. ಆ ಮಾಡೆಲ್ಲಿಗೆ ಅಂತಲೇ ಮಾಡಿದ್ದರೆ ಪಿಸ್ತೂಲು ಒಳಗೆ ಕೂತಾಗ ಟಕ್ ಅಂತ ಸದ್ದು ಬರುತ್ತದೆ. ಟ್ರಿಗರ್ ಪೂರ್ತಿ ಮುಚ್ಚಿರುತ್ತದೆ, ಹೊರಗಿನಿಂದ ಎಷ್ಟು ಒತ್ತಿದರೂ ಒಳಗೆ ಬೆರಳು, ಬಟ್ಟೆ ಏನೂ ತಾಗುವುದಿಲ್ಲ. ಪಿಸ್ತೂಲು ಹೊರತೆಗೆದ ಮೇಲೂ ಬಾಯಿ ತೆರೆದೇ ಇರುತ್ತದೆ. ಮೆತ್ತನೆಯ ನೈಲಾನಿನದು ಮಡಚಿಕೊಳ್ಳುತ್ತದೆ. ಬಳಸಿ ಬಳಸಿ ಮೆತ್ತಗಾದ ಚರ್ಮವೂ ಅಷ್ಟೇ. ಪಿಸ್ತೂಲು ವಾಪಸ್ ಹಾಕುವಾಗ ಒಳಕ್ಕೆ ಬಾಗಿದ ಚರ್ಮದ ಅಂಚು ಟ್ರಿಗರನ್ನು ಒತ್ತಿಬಿಡಬಹುದು. ಹಾಗಾಗಿ ಇದು ಬರೀ ಹಿತದ ಪ್ರಶ್ನೆ ಅಲ್ಲ.

ಹ್ಯೂಸ್ಟನ್ನಿನ ಬೇಸಿಗೆ ಗೊತ್ತಲ್ವಾ, ಮಂಗಳೂರಿನ ಮೇ ತಿಂಗಳಿಗೇನೂ ಕಡಿಮೆ ಇಲ್ಲ. ಬೆವರು ಕೈಡೆಕ್ಸಿಗೆ ಇಳಿಯುವುದಿಲ್ಲ. ನೀರಲ್ಲಿ ತೊಳೆದು ಒರೆಸಿದರೆ ಮುಗಿಯಿತು. ಬರಿ ಮೈಗೆ ತಾಗಿದರೆ ಮಾತ್ರ ಅಂಟಂಟು. ಒಳಗೊಂದು ತೆಳು ಬನಿಯನ್ ಹಾಕಲೇಬೇಕು.

ಇನ್ನು ಎಲ್ಲಿ ಇಟ್ಟುಕೊಳ್ಳುವುದು? ಸೊಂಟವನ್ನು ಗಡಿಯಾರ ಅಂದುಕೊಂಡು, ಹೊಕ್ಕುಳನ್ನು ಹನ್ನೆರಡು ಅಂತ ಲೆಕ್ಕ ಹಾಕಿ ಹೇಳುವುದು ಇಲ್ಲಿಯ ರೂಢಿ. ಗಂಡಸರಿಗೆ ಮೊದಲು ಹೇಳಿಕೊಡುವುದು ಮೂರೂವರೆ, ನಾಲ್ಕು ಗಂಟೆಯ ಜಾಗ, ಅಂದರೆ ಬಲಸೊಂಟದ ಮೂಳೆಯ ಹಿಂದೆ. ಹೆಂಗಸರಿಗೆ ಅಲ್ಲಿ ಎಡವಟ್ಟು. ನಮ್ಮ ಸೊಂಟ ಕೆಳಗೆ ಅಗಲ, ಮೇಲೆ ಸಣ್ಣ. ಕೆಳಗಿನ ಅಗಲ ನಳಿಗೆಯನ್ನು ಹೊರಕ್ಕೆ ತಳ್ಳುತ್ತದೆ, ಪಿಸ್ತೂಲಿನ ಹಿಂಭಾಗ ಪಕ್ಕೆಲುಬಿಗೆ ಬಂದು ಕೂರುತ್ತದೆ. ನನಗೆ ಹೊಂದಿದ್ದು ಮುಂಭಾಗ, ಹೊಕ್ಕುಳಿನಿಂದ ಸ್ವಲ್ಪ ಬಲಕ್ಕೆ, ಒಂದು ಗಂಟೆಯ ಜಾಗ. ಅಲ್ಲಿ ಪಿಸ್ತೂಲು ನೆಟ್ಟಗಿರಬೇಕು. ಹಿಂಭಾಗದಲ್ಲಿ ಇಡುವವರು ಹದಿನೈದು ಡಿಗ್ರಿಯಷ್ಟು ಮುಂದಕ್ಕೆ ಓರೆ ಮಾಡಿಕೊಳ್ಳುತ್ತಾರೆ. ಓರೆ ಮತ್ತು ಎತ್ತರ ಎರಡನ್ನೂ ಸ್ಕ್ರೂ ಸಡಿಲಿಸಿ ಬದಲಿಸಲು ಬರುತ್ತದಾ ಅಂತ ನೋಡಿಯೇ ತೆಗೆದುಕೊಳ್ಳಿ. ತುಂಬ ಮೇಲೆ ಇದ್ದರೆ ಹೊರಕ್ಕೆ ಮಗುಚುತ್ತದೆ, ತುಂಬ ಕೆಳಗಿದ್ದರೆ ಹಿಡಿಯ ಸುತ್ತ ಬೆರಳು ಸುತ್ತಲು ಜಾಗ ಸಿಗುವುದಿಲ್ಲ.

ಇಲ್ಲೇ ಒಂದು ವಿಚಿತ್ರ ಇದೆ. ಪಿಸ್ತೂಲು ಚಿಕ್ಕದು ಅಂತ ಹೋಲ್‌ಸ್ಟರೂ ಚಿಕ್ಕದೇ ಇರಲಿ ಅನ್ನುತ್ತಾರೆ. ಮುಂಭಾಗಕ್ಕೆ ಅದು ಉಲ್ಟಾ. ಬೆಲ್ಟಿನ ಕೆಳಗೆ ಉದ್ದ ಇದ್ದಷ್ಟೂ ಮೇಲಿನ ಹಿಡಿ ಹೊರಕ್ಕೆ ವಾಲುವುದು ಕಡಿಮೆ. ನನ್ನ ಮೂರಿಂಚು ನಳಿಗೆಯ ಪಿಸ್ತೂಲಿಗೆ, ಬೇಕಾದದ್ದಕ್ಕಿಂತ ಒಂದು ಇಂಚು ಹೆಚ್ಚು ಉದ್ದದ ಹೋಲ್‌ಸ್ಟರ್ ಇದೆ. ಮೋಟು ಹೋಲ್‌ಸ್ಟರಿಗಿಂತ ಇದೇ ಆರಾಮ, ಕಾರಿನಲ್ಲಿ ಕೂತಾಗಲೂ.

ಇಷ್ಟೆಲ್ಲ ಸರಿ, ಆದರೆ ಕ್ಲಿಪ್ಪಿಗೆ ಬೆಲ್ಟು ಬೇಕು. ಗಟ್ಟಿ ಬೆಲ್ಟು, ಒಂದೂವರೆ ಇಂಚು ಅಗಲದ್ದು. ಚೂಡಿದಾರದ ಲಾಡಿಗೆ, ಲೆಗ್ಗಿಂಗ್ಸಿನ ಎಲಾಸ್ಟಿಕ್ಕಿಗೆ ಅರ್ಧ ಕಿಲೋ ಕಬ್ಬಿಣ ನೇತುಹಾಕಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ? ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ. ಒಳಗೆ ಗಟ್ಟಿ ಕವಚ ಇಲ್ಲದ ಪಟ್ಟಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಟ್ರಿಗರಿಗೆ ಬರೀ ಬಟ್ಟೆಯೇ ಕಾವಲು ಅಂದರೆ ನನಗೆ ಒಪ್ಪಿಗೆ ಇಲ್ಲ.

ಈ ತೊಡಕಿಗೆ ನನಗೆ ಸಿಕ್ಕ ಉತ್ತರ ಫ್ಲಸ್ಟರ್ ಕಂಪನಿಯ ಎನಿಗ್ಮಾ. ಇದು ಪ್ಯಾಂಟಿಗೆ ಅಂಟಿಕೊಳ್ಳುವುದಿಲ್ಲ. ಬಾಗುವ ಒಂದು ಪ್ಲಾಸ್ಟಿಕ್ ಫಲಕ, ಅದಕ್ಕೊಂದು ಸ್ವಂತ ತೆಳು ಬೆಲ್ಟು. ಕೈಡೆಕ್ಸ್ ಹೋಲ್‌ಸ್ಟರನ್ನು ಆ ಫಲಕಕ್ಕೆ ಸ್ಕ್ರೂ ಹಾಕಿ ಕೂರಿಸುತ್ತೇವೆ. ಬೇಕಾದರೆ ತೊಡೆಗೆ ಸುತ್ತುವ ಪಟ್ಟಿಯೂ ಉಂಟು, ಓಡಿದರೂ ಮೇಲೇರದ ಹಾಗೆ. ಎಲ್ಲವನ್ನೂ ಮೊದಲು ಮೈಗೆ ಕಟ್ಟಿಕೊಂಡು ಮೇಲೆ ಏನು ಬೇಕೋ ಹಾಕಿಕೊಳ್ಳಬಹುದು. ಭಾರ ಸೊಂಟದ ಸುತ್ತ ಹಂಚಿಹೋಗುತ್ತದೆ. ಹೊಂದಿಸಲು ಮೊದಲ ಸಂಜೆ ಪೂರ್ತಿ ಬೇಕು, ಆತುರ ಇದ್ದವರಿಗೆ ಹೇಳಿದ್ದಲ್ಲ. ಹೋಲ್‌ಸ್ಟರ್ ಸೇರಿ ನೂರು ಡಾಲರ್ ಸುಲಭವಾಗಿ ದಾಟುತ್ತದೆ. ಆದರೂ ನಾನು ಮತ್ತೆ ಕೊಳ್ಳುವುದಿದ್ದರೆ ಇದನ್ನೇ.

ಬಟ್ಟೆಯ ವಿಷಯಕ್ಕೆ ಬಂದರೆ, ಮೊಣಕಾಲಿನವರೆಗೆ ಇಳಿಯುವ ಕುರ್ತಾ ಎಲ್ಲವನ್ನೂ ಮುಚ್ಚುತ್ತದೆ, ಆದರೆ ಎತ್ತಿ ಸರಿಸುವಷ್ಟರಲ್ಲಿ ಬೆಳಗಾಗುತ್ತದೆ. ಸೊಂಟದಿಂದ ಒಂದು ಗೇಣು ಕೆಳಗೆ ಬರುವ ಕುರ್ತಿ ಸರಿಯಾದ ಅಳತೆ. ಹೂವು, ಚೌಕಳಿ, ಗಾಢ ಬಣ್ಣ ಚೆನ್ನಾಗಿ ಮರೆಮಾಚುತ್ತವೆ. ತೆಳು ಬಿಳಿ ಬಟ್ಟೆ ಬೇಡವೇ ಬೇಡ. ಸೀರೆ? ನಮ್ಮ ಕೊಡವ ಸೀರೆಯ ನೆರಿಗೆ ಹಿಂದೆ, ಮುಂದೆಲ್ಲ ಬಿಗಿ, ಸಪಾಟು. ಬಚ್ಚಿಡಲು ಒಂದು ಚೂರೂ ಆಸರೆ ಇಲ್ಲ. ಸೀರೆ ಉಟ್ಟ ದಿನ, ದೇವಸ್ಥಾನಕ್ಕೆ ಹೋಗುವ ದಿನ ಪಿಸ್ತೂಲು ಮನೆಯ ಬೀಗದ ಪೆಟ್ಟಿಗೆಯಲ್ಲಿ. ಮಕ್ಕಳ ಕೈಗೆ ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸಿನಲ್ಲಿ ಅದೇ ಒಂದು ಅಪರಾಧ, ಪೆಟ್ಟಿಗೆಗೆ ದುಡ್ಡು ಉಳಿಸಬೇಡಿ.

ಇವರು ನನ್ನ ಮಾತು ಕೇಳುವವರಲ್ಲ. ಇವರ ಹೊಟ್ಟೆಯೂ ಮುಂಭಾಗದಲ್ಲಿ ಏನನ್ನೂ ಇಡಲು ಬಿಡುವುದಿಲ್ಲ, ಕೂತರೆ ಸಾಕು ಹಿಡಿ ಹೊಟ್ಟೆಯೊಳಗೆ. ಹಾಗಾಗಿ ನಾಲ್ಕು ಗಂಟೆಯ ಜಾಗದಲ್ಲಿ ಕ್ರಾಸ್‌ಬ್ರೀಡಿನ ಸೂಪರ್‌ಟಕ್. ಮೈಯ ಕಡೆ ಅಗಲವಾದ ಚರ್ಮ, ಹೊರಗಡೆ ಕೈಡೆಕ್ಸ್ ಕವಚ, ಎರಡು ಪಕ್ಕ ಎರಡು ಕ್ಲಿಪ್ಪು. ಚರ್ಮ ಅಗಲ ಇರುವುದರಿಂದ ಗ್ಲಾಕಿನ ಭಾರ ಒಂದೇ ಕಡೆ ಒತ್ತುವುದಿಲ್ಲ. ಹೊಸ ಚಪ್ಪಲಿಯ ಹಾಗೆ ಚರ್ಮ ಮೊದಮೊದಲು ಕಚ್ಚುತ್ತದೆ, ಆಮೇಲೆ ಮೈಯ ಆಕಾರಕ್ಕೆ ಬರುತ್ತದೆ. ಪ್ಯಾಂಟು ಮಾತ್ರ ಒಂದೆರಡು ಇಂಚು ದೊಡ್ಡದು ಕೊಳ್ಳಬೇಕಾಯಿತು. ಅದು ಹೋಲ್‌ಸ್ಟರಿಗಾಗಿ ಅನ್ನುತ್ತಾರೆ. ಇರಲಿ ಬಿಡಿ.

ಯಾವುದನ್ನೇ ತಂದರೂ ಗುಂಡು ತುಂಬುವ ಮೊದಲು ಮನೆಯಲ್ಲಿ ನೋಡಿ. ಪಿಸ್ತೂಲು ಖಾಲಿ ಮಾಡಿ, ಗುಂಡು ಕೂರುವ ಚೇಂಬರ್ ಕಣ್ಣಲ್ಲೂ ಬೆರಳಲ್ಲೂ ಪರೀಕ್ಷಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಡಿ. ಹೋಲ್‌ಸ್ಟರನ್ನು ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಅಲ್ಲಾಡಿಸಿ. ಪಿಸ್ತೂಲು ಜಾರಿದರೆ ಟ್ರಿಗರ್ ಹತ್ತಿರದ ಸ್ಕ್ರೂ ಬಿಗಿ ಮಾಡಿ, ಆಗಲೂ ಜಾರಿದರೆ ವಾಪಸ್ ಕಳಿಸಿ. ಆಮೇಲೆ ಕಟ್ಟಿಕೊಂಡು ಮನೆಗೆಲಸ ಮಾಡಿ. ಕಸ ಗುಡಿಸಿ, ಬಗ್ಗಿ ಶೂ ಲೇಸ್ ಕಟ್ಟಿ, ಕಾರಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ಸೀಟ್ ಬೆಲ್ಟ್ ಎಲ್ಲಿ ತಾಗುತ್ತದೆ ನೋಡಿ. ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೇಲಿನ ಶೆಲ್ಫಿಗೆ ಕೈ ಚಾಚಿದಾಗ ಗೊತ್ತಾಗುತ್ತದೆ. ನಮ್ಮ ಅಂಗಡಿಯಲ್ಲಿ ಸಿಗರೇಟು ಇರುವುದೇ ಮೇಲಿನ ಶೆಲ್ಫಿನಲ್ಲಿ, ಹಾಗಾಗಿ ನನಗೆ ಇದು ದಿನದ ಪರೀಕ್ಷೆ.

ಮುಂಭಾಗದಲ್ಲಿ ಇಡುವವರು ಪಿಸ್ತೂಲನ್ನು ಸೊಂಟದಲ್ಲೇ ಇರುವ ಹೋಲ್‌ಸ್ಟರಿಗೆ ಹಾಕುವ ಬದಲು, ಹೋಲ್‌ಸ್ಟರನ್ನು ಬಿಚ್ಚಿ, ನಳಿಗೆ ಯಾರ ಕಡೆಗೂ ತೋರದ ಹಾಗೆ ಹಿಡಿದು, ಪಿಸ್ತೂಲು ಕೂರಿಸಿ, ಆಮೇಲೆ ಒಟ್ಟಿಗೆ ಕಟ್ಟಿಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಒಳ್ಳೆಯ ಕೈಡೆಕ್ಸ್ ಹೋಲ್‌ಸ್ಟರ್ 70ರಿಂದ 110 ಡಾಲರಿಗೆ ಸಿಗುತ್ತದೆ, ಗಟ್ಟಿ ಬೆಲ್ಟಿಗೆ ಇನ್ನೊಂದು ಐವತ್ತು. ಜೊತೆಗೆ ಒಂದು ಸಣ್ಣ ಬಾಟಲ್ ನೀಲಿ ಲಾಕ್‌ಟೈಟ್, ಅಂದರೆ ಸ್ಕ್ರೂ ಸಡಿಲವಾಗದ ಹಾಗೆ ಹಿಡಿದಿಡುವ ಅಂಟು, ತನ್ನಿ. ಓಡಾಟದಲ್ಲಿ ಕ್ಲಿಪ್ಪಿನ ಸ್ಕ್ರೂಗಳು ಸಡಿಲವಾಗುತ್ತವೆ. ಎತ್ತರ, ಓರೆ ಎಲ್ಲ ನಿಮಗೆ ಒಪ್ಪಿಗೆಯಾದ ಮೇಲೆ ಪ್ರತಿ ಸ್ಕ್ರೂಗೂ ಒಂದೊಂದು ಹನಿ ಹಾಕಿ ರಾತ್ರಿಯಿಡೀ ಒಣಗಲು ಬಿಡಿ.